ಮಲ್ಲು, ಬೇವಿನ ದಿಮ್ಮಿಗೆ ಏನು ಹಚ್ಚಲಿ ಅಂದ್ಯಲ್ಲ

ಮಲ್ಲು, ಫೋಟೋ ಎಲ್ಲ ನೋಡಿದೆ. ಹೋದ ಬೇಸಿಗೆ ಗಾಳಿಗೆ ಬಿದ್ದ ಬೇವಿನ ಮರ ಒಲೆಗೆ ಹೋಗದೆ ಸ್ಟೂಲು, ಟೀಪಾಯಿ ಆಯ್ತಲ್ಲ, ಚಲೋ ಆಯ್ತು ಬಿಡು. ವಾರ್ನಿಶ್ ಹಚ್ಚಲಾ, ಪಿಯು (ಪಾಲಿಯುರೆಥೇನ್, ಮರದ ಮೇಲೆ ಪ್ಲಾಸ್ಟಿಕ್ ಥರ ಗಟ್ಟಿ ಪದರ ಕೂರಿಸೋ ಪಾಲಿಶ್) ಹೊಡೆಸಲಾ, ಎಣ್ಣೆ ಸಾಕಾ ಅಂತ ಕೇಳಿದೀಯ. ನನ್ನ ಕೇಳಿದ್ರೆ ಸ್ಟೂಲಿಗೆ ಎಣ್ಣೆ ಅಷ್ಟೇ, ಟೀಪಾಯಿಗೆ ಸದ್ಯಕ್ಕೆ ಏನೂ ಬೇಡ.

ಯಾಕಂದ್ರೆ ಆ ದಿಮ್ಮಿ ಇನ್ನೂ ಹಸಿ ಇದೆ. ಮೇಲೆ ಮುಟ್ಟಿದ್ರೆ ಒಣಗಿದ ಹಾಗೆ ಅನಿಸುತ್ತದೆ, ಆದ್ರೆ ಒಂದಿಂಚು ದಪ್ಪ ಒಣಗೋಕೆ ಸುಮಾರು ಒಂದು ವರ್ಷ ಅಂತ ಬಡಿಗರ ಲೆಕ್ಕ, ನಿನ್ನ ಸ್ಟೂಲು ಒಂದಡಿ ದಪ್ಪ ಇದೆ. ನಮ್ಮ ಕಲಬುರಗಿ ಬಿಸಿಲಿಗೆ ಹೊರಗಿನ ಭಾಗ ಬೇಗ ಒಣಗಿ, ಒಳಗಿನದು ಹಸಿ ಉಳಿದು, ಅದಕ್ಕೇ ನಡುವಿನ ತನಕ ಸೀಳು ಬಿಟ್ಟಿರೋದು. ಅದರ ಮೇಲೆ ಪಿಯು ಹೊಡೆಸಿದ್ರೆ ಒಳಗಿನ ತೇವ ಹೊರಗೆ ಬರೋಕೆ ಹೋಗಿ ಪದರ ಎಬ್ಬಿಸುತ್ತದೆ. ಆಮೇಲೆ ಪೂರ್ತಿ ಉಜ್ಜಿ ತೆಗೀಬೇಕು, ಯಾರಿಗೆ ಬೇಕು ಆ ಕೆಲಸ? ಕಿರಾಣಿ ಅಂಗಡಿ ತಕ್ಕಡಿಯಲ್ಲಿ ಈಗೊಮ್ಮೆ ತೂಗಿ ಬರೆದಿಡು, ತಿಂಗಳು ಬಿಟ್ಟು ಮತ್ತೆ ತೂಗು. ತೂಕ ಇಳೀತಾ ಇದ್ರೆ ಇನ್ನೂ ಒಣಗ್ತಾ ಇದೆ ಅಂತ. ಸೀಳಿಗೆ ಪುಟ್ಟಿ ತುಂಬಬೇಡ, ಅದು ಇನ್ನೂ ಅಗಲ ಆಗುತ್ತದೆ.

ಅತ್ತೆ ಶೇಂಗಾ ಎಣ್ಣೆ ಹಚ್ಚು ಅಂದಿದಾರೆ, ಬೇಡ ಅತ್ತೆ, ಸಿಟ್ಟಾಗಬೇಡಿ. ಶೇಂಗಾ, ಕೊಬ್ಬರಿ ಎಣ್ಣೆ ಗಟ್ಟಿ ಆಗಲ್ಲ, ಜಿಡ್ಡಾಗಿ ಧೂಳು ಹಿಡಿಯುತ್ತದೆ. ಅಗಸೆ ಎಣ್ಣೆ ಗಟ್ಟಿಯಾಗುತ್ತದೆ. ಆದ್ರೆ ಗಾಣದ್ದು ಒಣಗೋಕೆ ವಾರಗಟ್ಟಲೆ ಬೇಕು, ಪೇಂಟ್ ಅಂಗಡಿಯಲ್ಲಿ ಡಬಲ್ ಬಾಯ್ಲ್ಡ್ ಲಿನ್ಸೀಡ್ ಅಂತ ಕೇಳು, ಅದೂ ಅಗಸೆ ಎಣ್ಣೆನೇ, ಬೇಗ ಒಣಗುತ್ತದೆ.

ಮೊದಲು ತೊಗಟೆ ಪೂರ್ತಿ ತೆಗಿ. ನೋಡೋಕೆ ಚಂದ ಅನ್ಸುತ್ತೆ, ಆದ್ರೆ ಹುಳ ಮನೆ ಮಾಡೋದು ಅದರ ಅಡಿಯಲ್ಲೇ. ಬೇವಿಗೆ ಹುಳ ಬರಲ್ಲ ಅನ್ನೋದನ್ನ ಪೂರ್ತಿ ನಂಬಬೇಡ, ಹೊರಗಿನ ಬಿಳಿ ಭಾಗಕ್ಕೆ ಬರುತ್ತದೆ. ಆಮೇಲೆ ಒರಟಾದ 80ರ ಪಾಲಿಶ್ ಪೇಪರಲ್ಲಿ ಉಜ್ಜು, ಅದಾದ ಮೇಲೆ 120, ಕೊನೆಗೆ ನುಣುಪಾದ 180. ಎಣ್ಣೆ ತೆಳ್ಳಗೆ ಹಚ್ಚಿ, ಅರ್ಧ ತಾಸು ಬಿಟ್ಟು, ಉಳಿದದ್ದನ್ನ ಒಣ ಬಟ್ಟೆಯಿಂದ ಪೂರ್ತಿ ಒರೆಸು, ಇಲ್ಲಾಂದ್ರೆ ಅಂಟಂಟಾಗಿ ಉಳಿಯುತ್ತದೆ. ಮರುದಿನ ಇನ್ನೊಂದು ಕೈ. ತಳಕ್ಕೆ ಮಾತ್ರ ಎರಡು ಕೈ ಜಾಸ್ತಿ ಹಚ್ಚು. ನಿಮ್ಮನೇಲಿ ಶಹಾಬಾದ್ ಫರಸಿ ಕಲ್ಲಿನ ನೆಲ ತೊಳೀತಾರಲ್ವಾ, ದಿಮ್ಮಿಯ ಕೊಯ್ದ ತುದಿ ಆ ನೀರನ್ನ ಸುಮ್ನೆ ಮೇಲಕ್ಕೆಳೆಯುತ್ತದೆ. ತಳಕ್ಕೆ ರಬ್ಬರ್ ಬುಶ್ ಹೊಡೆದ್ರೆ ಇನ್ನೂ ಒಳ್ಳೇದು.

ಟೀಪಾಯಿ ಹಲಗೆ ತೆಳ್ಳಗಿದೆ, ಒಳಗೇ ಇರುತ್ತದೆ, ಬಿಸಿ ಚಹಾ ಕಪ್ಪು ಇಡ್ತೀರ. ತೂಕ ಇಳಿಯೋದು ನಿಂತ ಮೇಲೆ ಅದೊಂದಕ್ಕೆ ಪಿಯು ಹೊಡೆಸು, ಅದಕ್ಕೆ ಈಗ ಎಣ್ಣೆ ಮುಟ್ಟಿಸಬೇಡ. ಕಟ್ಟೆ ಮೇಲೆ ಬಿಸಿಲಲ್ಲಿ ಇಡೋ ಸ್ಟೂಲಿಗೆ ಮಾತ್ರ ಎಣ್ಣೆನೇ, ಮಾಸಿದಾಗ ಮತ್ತೆ ಹಚ್ಚಿದ್ರೆ ಮುಗೀತು.

ಹಾಂ, ಇದನ್ನ ಮರೀಬೇಡ. ಎಣ್ಣೆ ಒರೆಸಿದ ಬಟ್ಟೆ ಮುದ್ದೆ ಮಾಡಿ ಮೂಲೆಗೆ ಎಸೀಬೇಡ, ಅಗಸೆ ಎಣ್ಣೆ ಒಣಗುವಾಗ ಕಾವು ಹುಟ್ಟಿ ತಾನಾಗೇ ಬೆಂಕಿ ಹತ್ತಬಹುದು. ಅಂಗಳದಲ್ಲಿ ಒಂದೊಂದಾಗಿ ಹರಡಿ ಒಣಗಿಸು, ಇಲ್ಲಾ ನೀರಲ್ಲಿ ಮುಳುಗಿಸಿಡು. ಮನೇಲಿ ಸಣ್ಣ ಮಕ್ಕಳಿದಾರೆ, ಬಟ್ಟೆ ಎಲ್ಲಿ ಹಾಕಿದೆ ಅಂತ ಸಂಜೆ ನನಗೊಂದು ಮೆಸೇಜ್ ಹಾಕು.