ರಮೋನ್ಸ್ ಮೊದಲ ಆಲ್ಬಮ್‌ನಲ್ಲಿ ಅಂಥದ್ದೇನಿದೆ?

ಸಂಜೆಮಲ್ಲಿಗೆ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಗಿಟಾರ್ ಕಲಿಯುತ್ತಿದ್ದಾನೆ. ಒಂದು ತಿಂಗಳಿಂದ ಮನೆಯಲ್ಲಿ ರಮೋನ್ಸ್ ಬಿಟ್ಟರೆ ಬೇರೆ ಹಾಡಿಲ್ಲ. ಹದ್ದಿನ ಚಿತ್ರದ ಆ ಕಪ್ಪು ಟೀ ಶರ್ಟ್ ಎಲ್ಲ ಕಡೆ ನೋಡಿದ್ದೇನೆ, ಆದರೆ ಅದು ಬ್ಯಾಂಡಿನ ಹೆಸರು ಅಂತ ಗೊತ್ತಾಗಿದ್ದೇ ಈಗ.

1976ರ ಮೊದಲ ಆಲ್ಬಮ್ ಪೂರ್ತಿ ಕೇಳಿದೆ. 14 ಹಾಡು, ಅರ್ಧ ಗಂಟೆಯೊಳಗೆ ಮುಗಿದೇ ಹೋಯಿತು. ಗಿಟಾರ್ ಸೋಲೋ ಇಲ್ಲ. ಎಲ್ಲ ಹಾಡೂ ಒಂದೇ ಥರ ಕೇಳಿಸುತ್ತದೆ. ನಾನು ಹಂಸಲೇಖ, ಇಳಯರಾಜ, ಆಮೇಲೆ ಪಿಂಕ್ ಫ್ಲಾಯ್ಡ್ ಕೇಳಿ ಬೆಳೆದವಳು. ಹಾಡು ಎಲ್ಲೋ ಶುರುವಾಗಿ ಇನ್ನೆಲ್ಲೋ ಹೋಗಬೇಕು ಅನ್ನಿಸುತ್ತದೆ. ಇದನ್ನು ಅಷ್ಟೊಂದು ದೊಡ್ಡ ಆಲ್ಬಮ್ ಅಂತ ಯಾಕೆ ಹೇಳುತ್ತಾರೆ? ಗೊತ್ತಿರುವವರು ತಿಳಿಸಿ.

ಬಲಗೈ

ನಾನು ನಿಮ್ಮ ತಮ್ಮನ ಕಡೆ! ಮೊದಲು ಒಂದು ಕೆಲಸ ಮಾಡಿ. ಇಯರ್‌ಫೋನ್ ಹಾಕಿಕೊಂಡು 'ಬ್ಲಿಟ್ಸ್‌ಕ್ರೀಗ್ ಬಾಪ್' ಹಾಕಿ. ಎಡಗಿವಿಯದನ್ನು ತೆಗೆದುಬಿಡಿ. ಬೇಸ್ ಹೆಚ್ಚುಕಮ್ಮಿ ಮಾಯ. ಜಾನಿ ರಮೋನ್‌ನ ಗಿಟಾರ್, ಡ್ರಮ್ಸ್, ಜೋಯಿಯ ದನಿ, ಇಷ್ಟೇ. ಈಗ ಅದಲುಬದಲು ಮಾಡಿ. ಗಿಟಾರ್ ಹೋಗಿ ಡೀ ಡೀಯ ಬೇಸ್ ಬರುತ್ತದೆ. ರೆಕಾರ್ಡ್ ಮಾಡಿದ ಕ್ರೇಗ್ ಲಿಯಾನ್ ಬೇಕೆಂದೇ ಹೀಗೆ ಬೇರ್ಪಡಿಸಿದ್ದು. ಬೀಟಲ್ಸ್‌ನ ಶುರುವಿನ ಸ್ಟೀರಿಯೋ ರೆಕಾರ್ಡುಗಳು ಹೀಗೇ ಇದ್ದವು.

ಮತ್ತೆ ಬಲಗಡೆಗೆ ಬನ್ನಿ, ಗಿಟಾರ್ ಒಂದನ್ನೇ ಹಿಂಬಾಲಿಸಿ. ಪ್ರತಿ ಹೊಡೆತವೂ ಮೇಲಿಂದ ಕೆಳಕ್ಕೆ. ಸಾಮಾನ್ಯವಾಗಿ ವೇಗದ ಹಾಡಿಗೆ ಕೈಯನ್ನು ಕೆಳಗೆ ಮೇಲೆ ಆಡಿಸುತ್ತೇವೆ. ಅರ್ಧ ಶ್ರಮ ಉಳಿಯುತ್ತದೆ, ಆದರೆ ಮೇಲಕ್ಕೆ ಬರುವ ಹೊಡೆತ ಯಾವಾಗಲೂ ಸ್ವಲ್ಪ ತೆಳು. ಜಾನಿಗೆ ಆ ತೆಳು ಸದ್ದು ಬೇಡ. ಈ ಹಾಡಿನ ವೇಗ ನಿಮಿಷಕ್ಕೆ ಸುಮಾರು 175 ಬೀಟ್, ಬೀಟಿಗೆ ಎರಡು ಹೊಡೆತ. ಅಂದರೆ ಸೆಕೆಂಡಿಗೆ ಹತ್ತಿರಹತ್ತಿರ ಆರು ಸಲ ಕೈ ಕೆಳಕ್ಕೆ ಬೀಳಬೇಕು, ಆರೂ ಸಲ ಒಂದೇ ತೂಕದಲ್ಲಿ. ಹಾಡಿನ ಮುಖ್ಯ ಕಾರ್ಡುಗಳು (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳು) ಎ, ಡಿ, ಇ. ಎಡಗೈಗೆ ಅದು ಒಂದು ಸಂಜೆಯ ಕೆಲಸ. ಬಲಗೈಗೆ ತಿಂಗಳುಗಟ್ಟಲೆ ಬೇಕು. 'ಮೂರು ಕಾರ್ಡು ಯಾರು ಬೇಕಾದರೂ ನುಡಿಸ್ತಾರೆ' ಅನ್ನುವವರು ಬರೀ ಎಡಗೈ ನೋಡಿ ಮಾತಾಡುತ್ತಾರೆ.

ಇವರು ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿರುವ ಫಾರೆಸ್ಟ್ ಹಿಲ್ಸ್‌ನ ಹುಡುಗರು. ಅಣ್ಣತಮ್ಮಂದಿರಲ್ಲ. ಪಾಲ್ ಮೆಕಾರ್ಟ್ನಿ ಹಿಂದೆ ಇಟ್ಟುಕೊಂಡಿದ್ದ ಪಾಲ್ ರಮೋನ್ ಅನ್ನುವ ಹೆಸರನ್ನು ನಾಲ್ವರೂ ಹಂಚಿಕೊಂಡರು. ಮೊದಲು ಜೋಯಿ ಡ್ರಮ್ಸ್ ಬಾರಿಸುತ್ತಿದ್ದ. ಅವನನ್ನು ಹಾಡಲು ಮುಂದೆ ನಿಲ್ಲಿಸಿದ ಮೇಲೆ ಡ್ರಮ್ಸ್‌ಗೆ ಜನ ಸಿಗಲಿಲ್ಲ. ಬಂದವರಿಗೆಲ್ಲ ಹೇಗೆ ಬಾರಿಸಬೇಕು ಅಂತ ತೋರಿಸುತ್ತಿದ್ದ ಟಾಮಿಯೇ ಕೊನೆಗೆ ಕೂತ. ಅವನು ಡ್ರಮ್ಮರ್ ಆಗಿರಲಿಲ್ಲ. ಅದಕ್ಕೇ ನೋಡಿ, ಒಂದು ಹೊಡೆತವೂ ಪ್ರದರ್ಶನಕ್ಕೆ ಅಂತ ಇಲ್ಲ.

ಸಿಬಿಜಿಬಿ ಕ್ಲಬ್ಬಿನಲ್ಲಿ ನುಡಿಸಿ ನುಡಿಸಿ ಪಳಗಿದ್ದರಿಂದ ಸ್ಟುಡಿಯೋದಲ್ಲಿ ಯೋಚಿಸುವುದೇನೂ ಉಳಿದಿರಲಿಲ್ಲ. 1976ರ ಫೆಬ್ರವರಿಯಲ್ಲಿ, ರೇಡಿಯೋ ಸಿಟಿ ಮ್ಯೂಸಿಕ್ ಹಾಲ್ ಕಟ್ಟಡದ ಮೇಲಿದ್ದ ಪ್ಲಾಜಾ ಸೌಂಡ್‌ನಲ್ಲಿ ರೆಕಾರ್ಡಿಂಗ್ ಮುಗಿಸಿದರು. ಖರ್ಚು 6,400 ಡಾಲರ್. ಆಗ ದೊಡ್ಡ ಬ್ಯಾಂಡುಗಳು ಒಂದೊಂದು ಆಲ್ಬಮ್‌ಗೆ ತಿಂಗಳುಗಟ್ಟಲೆ ಕೂರುತ್ತಿದ್ದವು. ಒಂದೇ ಹಾಡು ರೆಕಾರ್ಡಿನ ಒಂದು ಬದಿ ಪೂರ್ತಿ ತುಂಬುತ್ತಿತ್ತು. ಈ ನಾಲ್ವರಿಗೆ ತಾವು ಚಿಕ್ಕಂದಿನಲ್ಲಿ ಕೇಳಿದ ಎರಡು ನಿಮಿಷದ ಪಾಪ್ ಹಾಡು ವಾಪಸ್ ಬೇಕಿತ್ತು. ಈ ಆಲ್ಬಮ್‌ನಲ್ಲಿರುವ 'ಲೆಟ್ಸ್ ಡ್ಯಾನ್ಸ್' 1962ರ ಕ್ರಿಸ್ ಮಾಂಟೆಜ್ ಹಾಡು. 'ಬ್ಲಿಟ್ಸ್‌ಕ್ರೀಗ್ ಬಾಪ್'ನ 'ಹೇ ಹೋ, ಲೆಟ್ಸ್ ಗೋ' ಅನ್ನುವ ಕೂಗಿಗೆ ಸ್ಫೂರ್ತಿ ಬೇ ಸಿಟಿ ರೋಲರ್ಸ್, ಅಂದರೆ ಶಾಲೆ ಹುಡುಗಿಯರ ಅಚ್ಚುಮೆಚ್ಚಿನ ಬ್ಯಾಂಡು! ಗದ್ದಲದ ಕೆಳಗೆ ರಾಗ ಇದೆ ಮೇಡಂ. ಗುನುಗಿ ನೋಡಿ, ಸಿಗುತ್ತದೆ.

ಎಲ್ಲ ಒಂದೇ ಥರ ಅಂದಿರಲ್ಲ, ಅದಕ್ಕೆ '53ರ್ಡ್ ಅಂಡ್ 3ರ್ಡ್' ಕೇಳಿ. ಮ್ಯಾನ್‌ಹಟನ್ನಿನ ಆ ಮೂಲೆಯಲ್ಲಿ ಹುಡುಗರು ಗಿರಾಕಿಗಳಿಗೆ ಕಾಯುತ್ತಾ ನಿಲ್ಲುತ್ತಿದ್ದರು. ಡೀ ಡೀ ಬರೆದದ್ದು. ನಡುವೆ ಜೋಯಿ ಸುಮ್ಮನಾಗಿ ಡೀ ಡೀಯೇ ಕಿರುಚುತ್ತಾನೆ. ತನ್ನನ್ನು ಯಾರೂ ಆರಿಸಿಕೊಳ್ಳದ ಹುಡುಗನ ನಾಚಿಕೆ, ಸಿಟ್ಟು ಎಲ್ಲ ಅಲ್ಲಿದೆ. ಈ ಆಲ್ಬಮ್‌ನಲ್ಲಿ ನನ್ನ ಹಾಡು ಅದೇ.

ನಡುರಾತ್ರಿ ರೇಡಿಯೋ

'ಬಲಗೈ' ಅವರು ಚೆನ್ನಾಗಿ ಹೇಳಿದ್ದಾರೆ. ಆದರೆ ಕೊನೆಯ ಹಾಡಿನಲ್ಲಿ ಹಾಡುಗಾರ ಹಾಕುವ ನಾಜಿ ವೇಷ ನನಗೆ ಇವತ್ತಿಗೂ ಜೀರ್ಣವಾಗಿಲ್ಲ. ಹುಡುಗರ ಕೈಗೆ ಕೊಡುವಾಗ ಅದನ್ನೂ ಹೇಳಬೇಕು ಅಲ್ವಾ?

ಇನ್ನೊಂದು ವಿಷಯ. ಅಮೆರಿಕದಲ್ಲಿ ಆಗ ಈ ಆಲ್ಬಮ್ ಓಡಲೇ ಇಲ್ಲ. ಬಿಲ್‌ಬೋರ್ಡ್ ಪಟ್ಟಿಯಲ್ಲಿ 111ನೇ ಜಾಗ, ಅಷ್ಟೇ. ಅದು ಹೊತ್ತಿಕೊಂಡದ್ದು ಲಂಡನ್ನಿನಲ್ಲಿ. 1976ರ ಜುಲೈ 4ರಂದು ರೌಂಡ್‌ಹೌಸ್‌ನಲ್ಲಿ ನುಡಿಸಿದರು. ಅವತ್ತೇ ರಾತ್ರಿ ಶೆಫೀಲ್ಡಿನಲ್ಲಿ ಸೆಕ್ಸ್ ಪಿಸ್ಟಲ್ಸ್ ಜೊತೆ ದಿ ಕ್ಲ್ಯಾಷ್‌ನ ಮೊಟ್ಟಮೊದಲ ಪ್ರದರ್ಶನ (ಎರಡೂ ಇಂಗ್ಲೆಂಡಿನ ಪಂಕ್ ಬ್ಯಾಂಡುಗಳು). ಮಾರನೇ ದಿನ ಲಂಡನ್ನಿನ ಡಿಂಗ್‌ವಾಲ್ಸ್‌ನಲ್ಲಿ ರಮೋನ್ಸ್ ನೋಡಲು ಕ್ಲ್ಯಾಷ್‌ನ ಹುಡುಗರೂ ಬಂದರು.

ಬಲಗೈ

ಹೇಳಲೇಬೇಕು. ಜೋಯಿ ಯಹೂದಿ. ಟಾಮಿ ಹುಟ್ಟಿದ್ದು ಬುಡಾಪೆಸ್ಟಿನಲ್ಲಿ, ಅವನ ತಂದೆತಾಯಿ ನಾಜಿಗಳ ನರಮೇಧದಿಂದ ಬದುಕುಳಿದ ಯಹೂದಿಗಳು. ಆಲ್ಬಮ್ ಹೊರತಂದ ಸೈರ್ ಕಂಪನಿಯ ಸೀಮೋರ್ ಸ್ಟೈನ್ ಒಪ್ಪದೇ ಇದ್ದದ್ದಕ್ಕೆ ಒಂದು ಸಾಲನ್ನು ಬದಲಿಸಿದರು ಕೂಡ. ದ್ವೇಷದಿಂದ ಬರೆದದ್ದಲ್ಲ ಅಂತ ನನಗೆ ಅನ್ನಿಸುತ್ತದೆ. ಆದರೂ ಜನರನ್ನು ಬೆಚ್ಚಿಬೀಳಿಸಲು ಅದನ್ನೇ ಯಾಕೆ ಎತ್ತಿಕೊಳ್ಳಬೇಕಿತ್ತು? ಆಲ್ಬಮ್ಮಿನ ದುರ್ಬಲ ಜಾಗ ಅದು. ಹದಿಮೂರನೇ ಹಾಡಿಗೆ ನಿಲ್ಲಿಸಿದರೆ ಏನೂ ಕಳೆದುಕೊಳ್ಳುವುದಿಲ್ಲ.

ಅಮೆರಿಕದಲ್ಲಿ ಇದಕ್ಕೆ ಗೋಲ್ಡ್ ಅನ್ನುವ ಮಾರಾಟದ ಮನ್ನಣೆ ಸಿಕ್ಕಿದ್ದು 2014ರಲ್ಲಿ. ಅಷ್ಟರಲ್ಲಿ ಜೋಯಿ, ಡೀ ಡೀ, ಜಾನಿ ಮೂವರೂ ತೀರಿಕೊಂಡಿದ್ದರು. ಟಾಮಿ ಒಬ್ಬ ಉಳಿದಿದ್ದ, ಅದೇ ಜುಲೈನಲ್ಲಿ ಅವನೂ ಹೋದ. ಇದು ನನಗೆ ನಿಜವಾಗಲೂ ಸಂಕಟ ಕೊಡುವ ವಿಷಯ. 2,263 ಪ್ರದರ್ಶನ ಕೊಟ್ಟವರಿಗೆ ತಮ್ಮ ದೇಶದಲ್ಲಿ ದೊಡ್ಡ ಹಿಟ್ ಅಂತ ಒಂದು ಹಾಡೂ ಸಿಗಲಿಲ್ಲ.

ಸಂಜೆಮಲ್ಲಿಗೆ

ಒಂದು ಕಿವಿಯಲ್ಲಿ ಕೇಳಿದೆ! ಗಿಟಾರ್ ಇಷ್ಟು ನಿಖರವಾಗಿದೆ ಅಂತ ಗೊತ್ತೇ ಆಗಿರಲಿಲ್ಲ. ಸೋಲೋ ಬೇಕು ಅಂತಲೂ ಅನ್ನಿಸಲಿಲ್ಲ. 'ಐ ವಾನ್ನಾ ಬಿ ಯುವರ್ ಬಾಯ್‌ಫ್ರೆಂಡ್' ತುಂಬಾ ಇಷ್ಟವಾಯಿತು. ಅದು ಶುದ್ಧ ಪ್ರೇಮಗೀತೆ. '53ರ್ಡ್' ಕೇಳಿ ಮನಸ್ಸು ಭಾರವಾಯಿತು.

ಎರಡು ಪ್ರಶ್ನೆ. ಟೀ ಶರ್ಟಿನ ಹದ್ದು ಈ ಆಲ್ಬಮ್ ಕವರಿನಲ್ಲಿ ಯಾಕಿಲ್ಲ? ಮತ್ತೆ, ತಮ್ಮನಿಗೆ ಕೈ ನೋಯುತ್ತದಂತೆ, ಏನು ಮಾಡೋದು?

ಬಲಗೈ

ಆ ಹದ್ದು ಆಮೇಲೆ ಬಂದದ್ದು. ಅವರ ಗೆಳೆಯ ಆರ್ಟುರೋ ವೇಗಾ ಅಮೆರಿಕದ ಅಧ್ಯಕ್ಷರ ಮುದ್ರೆ ನೋಡಿ ಬರೆದ. ಹತ್ತಿರದಿಂದ ನೋಡಿ: ಬಾಣಗಳ ಬದಲು ಬೇಸ್‌ಬಾಲ್ ಬ್ಯಾಟ್ ಇದೆ, ಆಲಿವ್ ಕೊಂಬೆಯ ಜಾಗದಲ್ಲಿ ಸೇಬಿನ ಕೊಂಬೆ. ಕವರಿನ ಕಪ್ಪುಬಿಳುಪು ಫೋಟೋ ರಾಬರ್ಟಾ ಬೇಲಿ ತೆಗೆದದ್ದು. ಇಟ್ಟಿಗೆ ಗೋಡೆ, ನಾಲ್ಕು ಚರ್ಮದ ಜಾಕೆಟ್, ಹರಿದ ಜೀನ್ಸ್.

ತಮ್ಮನಿಗೆ ಹೇಳಿ: ಪಿಕ್ ಸಡಿಲವಾಗಿ ಹಿಡಿಯಲಿ. ಮೊಣಕೈ ಬಿಗಿ ಹಿಡಿಯದೆ ಮಣಿಕಟ್ಟಿನಿಂದ ಹೊಡೆಯಲಿ. ತಾಳ ಹಾಕುವ ಮೆಟ್ರೋನೋಮ್ ನಿಮಿಷಕ್ಕೆ 100 ಬೀಟಿಗೆ ಇಟ್ಟು ಶುರು ಮಾಡಿ, ವಾರಕ್ಕೆ ಐದೈದು ಏರಿಸಿದರೆ ಸಾಕು. ನೋವು ಬಂದ ತಕ್ಷಣ ನಿಲ್ಲಿಸಬೇಕು, ಹಟ ಬೇಡ. 2016ರ ಮರುಬಿಡುಗಡೆಯಲ್ಲಿ ಎರಡೂ ಕಿವಿಗೆ ಒಂದೇ ಸದ್ದು ಕೊಡುವ ಮೋನೋ ಮಿಕ್ಸ್ ಕೂಡ ಇದೆ, ಸುಮ್ನೆ ಕೇಳಲು ಚೆನ್ನಾಗಿದೆ. ಅಭ್ಯಾಸಕ್ಕೆ ಮಾತ್ರ ಹಳೆಯ ಸ್ಟೀರಿಯೋನೇ ಇರಲಿ, ಬಲಗಿವಿಯಲ್ಲಿ.