‘ಆಟೋನಂಬರ್’ ಅನ್ನು ‘ಕ್ರಮಸಂಖ್ಯೆ’ ಎನ್ನಬಹುದೇ?

ಮಾನ್ಯರೇ,

ಮಾಹಿತಿಯನ್ನು ಕೋಷ್ಟಕಗಳಲ್ಲಿ ಜೋಡಿಸಿಡುವ ತಂತ್ರಾಂಶವಾದ ಮೈಕ್ರೋಸಾಫ್ಟ್ ಆಕ್ಸೆಸ್‌ನಲ್ಲಿ ಸದಸ್ಯರ ಪಟ್ಟಿ, ಪುಸ್ತಕಗಳ ಪಟ್ಟಿ ಮೊದಲಾದವನ್ನು ತಾವೇ ಸಿದ್ಧಪಡಿಸಿಕೊಳ್ಳುವ ಸಣ್ಣ ಸಂಘಸಂಸ್ಥೆಗಳಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಪ್ರತಿ ದಾಖಲೆಗೂ ತಂತ್ರಾಂಶವೇ ಕೊಡುವ ‘ಆಟೋನಂಬರ್’ ಅನ್ನು ಕನ್ನಡದಲ್ಲಿ ಏನೆಂದು ಕರೆಯುವುದು ಸರಿ ಎಂಬುದು ನನ್ನ ಪ್ರಶ್ನೆ. ಕರಡು ಓದಿದ ಕೆಲವರು ‘ಕ್ರಮಸಂಖ್ಯೆ’ ಸಾಕು, ಅದು ಎಲ್ಲರಿಗೂ ಗೊತ್ತಿರುವ ಮಾತು ಎಂದರು. ಗೊತ್ತಿರುವ ಮಾತು ಹೌದು; ಅದರ ಜೊತೆಗೆ ಬರುವ ನಿರೀಕ್ಷೆಗಳೇ ಇಲ್ಲಿ ತೊಡಕಾಗುತ್ತವೆ.

ಕ್ರಮಸಂಖ್ಯೆ ಎಂದೊಡನೆ ನೆನಪಾಗುವುದು ಪಟ್ಟಿಯ ಎಡಬದಿಯ ‘ಕ್ರ.ಸಂ.’ ಕಾಲಂ. ಅಲ್ಲಿ 1, 2, 3 ಎಂದು ಎಲ್ಲೂ ತಪ್ಪದೆ ಸಾಗಬೇಕು. ನಡುವಿನ ಹೆಸರೊಂದನ್ನು ತೆಗೆದರೆ ಕೆಳಗಿನವೆಲ್ಲ ಒಂದೊಂದು ಮೇಲೇರಬೇಕು. ಕೊನೆಯ ಸಂಖ್ಯೆ ನೋಡಿದರೆ ಒಟ್ಟು ಎಷ್ಟೆಂದು ತಿಳಿಯಬೇಕು. ಆಟೋನಂಬರ್ ಇವುಗಳಲ್ಲಿ ಯಾವುದಕ್ಕೂ ಕಟ್ಟುಬಿದ್ದಿಲ್ಲ. ಹೊಸ ಸದಸ್ಯರ ಹೆಸರಿನ ಮೊದಲ ಅಕ್ಷರ ಟೈಪಿಸಿದ ಕೂಡಲೇ 58 ಮೂಡಿತೆನ್ನಿ. ಬೇಡವೆಂದು ಎಸ್ಕೇಪ್ ಕೀಲಿ ಒತ್ತಿದರೆ ದಾಖಲೆ ಉಳಿಯುವುದಿಲ್ಲ, ಆದರೆ 58 ಖರ್ಚಾಗಿರುತ್ತದೆ. ಮುಂದಿನ ಸದಸ್ಯರಿಗೆ ಸಿಗುವುದು 59. ನಡುವಿನ ದಾಖಲೆಯನ್ನು ಅಳಿಸಿದರೆ ಅದರ ಸಂಖ್ಯೆಯೂ ಅದರೊಡನೆಯೇ ಹೋಗುತ್ತದೆ. ಒಂದೊಂದಾಗಿ ಏರುವ ‘ಇನ್‌ಕ್ರಿಮೆಂಟ್’ ಬದಲು ಅಡ್ಡಾದಿಡ್ಡಿಯಾಗಿ ಸಂಖ್ಯೆ ಕೊಡುವ ‘ರ‍್ಯಾಂಡಮ್’ ಆಯ್ದುಕೊಂಡರಂತೂ ಕ್ರಮವೆಂಬುದೇ ಇರುವುದಿಲ್ಲ, ಋಣಸಂಖ್ಯೆಗಳೂ ಬರುತ್ತವೆ.

ಕೈಪಿಡಿಯಲ್ಲಿ ‘ಕ್ರಮಸಂಖ್ಯೆ’ ಎಂದು ಓದಿದವರು 57ರ ನಂತರ 59 ಕಂಡರೆ ತಪ್ಪಾಗಿದೆಯೆಂದೇ ತಿಳಿದು ಸರಿಪಡಿಸಲು ಹೊರಡುತ್ತಾರೆ. ಆ ಫೀಲ್ಡನ್ನು (ಕೋಷ್ಟಕದ ಕಾಲಂ ಅನ್ನು) ನೇರವಾಗಿ ತಿದ್ದಲು ಆಕ್ಸೆಸ್ ಬಿಡುವುದಿಲ್ಲವಾದ್ದರಿಂದ, ಇದ್ದ ಫೀಲ್ಡನ್ನು ಅಳಿಸಿ ಹೊಸ ಆಟೋನಂಬರ್ ಫೀಲ್ಡ್ ಸೇರಿಸುತ್ತಾರೆ. ಸದಸ್ಯರ ಕೋಷ್ಟಕದಲ್ಲಿ ಸಂಖ್ಯೆಗಳು ಒಂದರಿಂದ ಸಾಲಾಗಿ ನಿಲ್ಲುತ್ತವೆ, ನಿಜ. ಆದರೆ ಯಾರು ಯಾವ ಪುಸ್ತಕ ಒಯ್ದರೆಂದು ಬರೆದಿಡುವ ಎರವಲು ಕೋಷ್ಟಕದಲ್ಲಿ ‘ಸದಸ್ಯ 59’ ಎಂದಿದ್ದದ್ದು ಹಾಗೆಯೇ ಉಳಿದು, ಒಬ್ಬರು ಒಯ್ದ ಪುಸ್ತಕ ಇನ್ನೊಬ್ಬರ ಲೆಕ್ಕಕ್ಕೆ ಸೇರುತ್ತದೆ. ಎರಡೂ ಕೋಷ್ಟಕಗಳ ನಡುವೆ ಸಂಬಂಧವನ್ನು ಮೊದಲೇ ಕಟ್ಟಿಟ್ಟಿದ್ದರೆ ತಂತ್ರಾಂಶ ತಡೆಯುತ್ತದೆ. ಹೊಸಬರು ಅದನ್ನು ಕಟ್ಟಿರುವುದು ಅಪರೂಪ.

1992ರ ಮೊದಲ ಆಕ್ಸೆಸ್‌ನಲ್ಲಿ ಇದಕ್ಕೆ ‘ಕೌಂಟರ್’ ಎಂಬ ಹೆಸರಿತ್ತು. ಆಟೋನಂಬರ್ ಎಂಬುದು ಆಕ್ಸೆಸ್ 95ರೊಂದಿಗೆ ಬಂದದ್ದು. ಕೋಷ್ಟಕಗಳೊಡನೆ ವ್ಯವಹರಿಸುವ ಭಾಷೆಯಾದ ಎಸ್‌ಕ್ಯೂಎಲ್‌ನಲ್ಲಿ ಆದೇಶ ಬರೆಯುವಾಗ ‘ಕೌಂಟರ್’ ಈಗಲೂ ನಡೆಯುತ್ತದೆ. ಹಾಗೆಂದು ಎಣಿಕೆಯ ಅರ್ಥವನ್ನು ಕನ್ನಡಕ್ಕೂ ತರಬೇಕಿಲ್ಲ. ಸಂಖ್ಯೆಯನ್ನು ಬರಿಯ ಗುರುತಾಗಿ ಬಳಸುವುದು ನಮಗೆ ಹೊಸದಲ್ಲ. ಜಮೀನಿನ ಸರ್ವೆ ನಂಬರ್ 45 ಪಾಲಾದರೆ 45/1, 45/2 ಎಂದು ಹಿಸ್ಸಾ ಆಗುತ್ತದೆಯೇ ಹೊರತು, 46ರಿಂದಾಚೆಯ ಹೊಲಗಳೆಲ್ಲ ತಮ್ಮ ಸಂಖ್ಯೆ ಬದಲಿಸಿಕೊಂಡು ಸರಿಯುವುದಿಲ್ಲ.

ಕ್ರಮ ತಪ್ಪಲೇಬಾರದ ಸಂಖ್ಯೆಗಳು ಬೇರೆ ಇವೆ, ‘ಕ್ರಮಸಂಖ್ಯೆ’ಯನ್ನು ಅವುಗಳಿಗೇ ಮೀಸಲಿಡಬೇಕೆಂಬುದು ನನ್ನ ಬಲವಾದ ಅಭಿಪ್ರಾಯ. ಜಿಎಸ್‌ಟಿ ನಿಯಮ 46ರ ಪ್ರಕಾರ ತೆರಿಗೆ ಬೀಜಕದ (ಇನ್‌ವಾಯ್ಸ್) ಸಂಖ್ಯೆ ಅನುಕ್ರಮವಾಗಿರಬೇಕು, 16 ಅಕ್ಷರಗಳನ್ನು ಮೀರಬಾರದು, ಒಂದು ಹಣಕಾಸು ವರ್ಷದಲ್ಲಿ ಎರಡು ಸಲ ಬರಬಾರದು. ವಂತಿಗೆಯ ರಸೀದಿಯನ್ನೂ ಲೆಕ್ಕ ತಪಾಸಣೆಯವರು ಸಂಖ್ಯೆ ಹಿಡಿದೇ ನೋಡುತ್ತಾರೆ. ಕೆಟ್ಟ ರಸೀದಿಯನ್ನು ಹರಿದು ಎಸೆಯದೆ ‘ರದ್ದು’ ಎಂದು ಬರೆದು ಪುಸ್ತಕದಲ್ಲೇ ಉಳಿಸುವುದು ಅದಕ್ಕಾಗಿಯೇ. ಇಂಥವಕ್ಕೆ ಆಟೋನಂಬರ್ ಸಲ್ಲದು. ಬೇರೊಂದು ಸಂಖ್ಯಾ ಫೀಲ್ಡ್ ಮಾಡಿ, ದಾಖಲೆ ಉಳಿಸುವ ಕ್ಷಣದಲ್ಲಿ ಡಿಮ್ಯಾಕ್ಸ್ ಫಂಕ್ಷನ್ನಿನಿಂದ ಈವರೆಗಿನ ದೊಡ್ಡ ಸಂಖ್ಯೆಯನ್ನು ತೆಗೆದುಕೊಂಡು ಒಂದು ಕೂಡಿಸಬೇಕು. ಇಬ್ಬರು ಒಟ್ಟಿಗೆ ಉಳಿಸಿದಾಗ ಒಂದೇ ಸಂಖ್ಯೆ ಎರಡು ಕಡೆ ಕೂರದಂತೆ ಆ ಫೀಲ್ಡಿಗೆ ನಕಲು ಒಪ್ಪದ ಇಂಡೆಕ್ಸ್ ಹಾಕಬೇಕು.

ಇನ್ನು ಆಟೋನಂಬರಿಗೆ ಪದ. ‘ಸ್ವಯಂಸಂಖ್ಯೆ’ ಚಿಕ್ಕದಾದರೂ ಅದು ಹೇಗೆ ಬಂತೆಂದು ಹೇಳುತ್ತದೆ, ಏತಕ್ಕೆಂದು ಹೇಳುವುದಿಲ್ಲ. ‘ಸ್ವಯಂಗುರುತು’ ಎಂದರೆ ಸಂಸ್ಕೃತ-ಕನ್ನಡ ಪದಗಳನ್ನು ಬೆರೆಸಿದ ಅರಿಸಮಾಸವೆಂಬ ಆಕ್ಷೇಪ ಬಂದೀತು. ‘ಗುರುತಿನ ಸಂಖ್ಯೆ’ ಹತ್ತಿರದ್ದೇ, ಆದರೆ ಗುರುತಿನ ಚೀಟಿಯ ನೆನಪಿನಿಂದ ಅದನ್ನು ಸದಸ್ಯತ್ವದ ಕಾರ್ಡಿನ ಮೇಲೆ ಮುದ್ರಿಸುವ ಆಸೆ ಹುಟ್ಟುತ್ತದೆ, ಈ ಸಂಖ್ಯೆಯಾದರೋ ತಂತ್ರಾಂಶದ ಒಳಗೇ ಇರಬೇಕಾದದ್ದು. ‘ದಾಖಲೆ ಗುರುತು’ ಎಂಬುದರ ಕಡೆಗೆ ನನ್ನ ಒಲವು. ಮೊದಲ ಸಲ ಬರುವಲ್ಲಿ ‘ತಾನೇ ಮೂಡುವ’ ಎಂಬ ವಿಶೇಷಣ ಸೇರಿಸಿದರೆ ಸಾಕು. ಇಂಥದೇ ಇನ್ನೊಂದು ತಂತ್ರಾಂಶವಾದ ಲಿಬ್ರೆಆಫೀಸ್ ಬೇಸ್‌ನವರು ಇದನ್ನೇ ‘ಆಟೋವ್ಯಾಲ್ಯೂ’ ಎನ್ನುತ್ತಾರೆ. ಅಲ್ಲಿಗೂ ಈ ಪದ ಒಗ್ಗುತ್ತದೆ.

ಜೊತೆಯಲ್ಲೇ ಇನ್ನೊಂದು ಪದ ಬೇಕಾಗಿದೆ. ಕೋಷ್ಟಕಕ್ಕೆ ದಾಖಲೆ ಸೇರಿಸುವ ಆದೇಶವಾದ ಅಪೆಂಡ್ ಕ್ವೆರಿಯ ಮೂಲಕ 999 ಎಂಬ ಗುರುತಿನ ದಾಖಲೆಯೊಂದನ್ನು ಸೇರಿಸಿದರೆ ಅದರ ನಂತರದ್ದು 1000 ಆಗುತ್ತದೆ. ಕೋಷ್ಟಕವನ್ನು ಬರಿದು ಮಾಡಿ ಕಡತವನ್ನು ಒಪ್ಪಗೊಳಿಸುವ ‘ಕಾಂಪ್ಯಾಕ್ಟ್ ಅಂಡ್ ರಿಪೇರ್’ ನಡೆಸಿದರೆ ಮತ್ತೆ 1ರಿಂದ ಶುರುವಾಗುತ್ತದೆ. ಹೀಗೆ ಮುಂದೆ ಬರಲು ಕಾದಿರುವ ಸಂಖ್ಯೆಯನ್ನು ‘ಸೀಡ್’ ಎನ್ನುತ್ತಾರೆ. ಅದನ್ನು ‘ಬೀಜ’ ಎಂದರೆ ಬೀಜಕದ ಪಕ್ಕದಲ್ಲಿ ಗೊಂದಲವಾಗುತ್ತದೆ. ‘ಆರಂಭ ಸಂಖ್ಯೆ’ ಎಂದರೆ ನಡುವೆ ಬದಲಾಯಿಸುವುದಕ್ಕೆ ಹೊಂದದು. ‘ಮುಂಬರುವ ಸಂಖ್ಯೆ’ ಎನ್ನಬಹುದೇ? ಲೆಕ್ಕಪತ್ರ ಅಥವಾ ಗ್ರಂಥಾಲಯದ ಕೆಲಸದಲ್ಲಿರುವವರು ಬೇರೆ ಮಾತನ್ನು ಬಳಸುತ್ತಿದ್ದರೆ, ಅದನ್ನು ಬಳಸಿದ ಒಂದು ವಾಕ್ಯದೊಂದಿಗೆ ದಯವಿಟ್ಟು ತಿಳಿಸಬೇಕು.

ವಂದನೆಗಳು.