ಆತ್ಮನೇ ಇಲ್ಲ ಅಂದ್ಮೇಲೆ ಮತ್ತೆ ಹುಟ್ಟೋದು ಯಾರು?

ತೀರ್ಥಳ್ಳಿ ಹುಡ್ಗ: ಮೊನ್ನೆ ಅಜ್ಜನ ತಿಥಿಲಿ ಪಿಂಡ ಇಟ್ಟು ಕಾಗೆ ಕಾಯ್ತಾ ನಿಂತಿದ್ವಿ, ಮಳೆ ಬೇರೆ, ಅಷ್ಟ್ರಲ್ಲಿ ದೊಡ್ಡಪ್ಪನ ಮಗ ಬುದ್ಧ ಆತ್ಮನೇ ಇಲ್ಲ ಅಂದಿದಾನೆ ಅಂತ ಶುರು ಹಚ್ಕೊಂಡ. ಸರಿ, ಆದ್ರೆ ಪುನರ್ಜನ್ಮ ಇದೆ ಅಂತಾನೂ ಅವ್ನೇ ಹೇಳ್ತಾನಲ್ಲ, ಹೋಗೋದು ಏನು ಮಾರಾಯ್ರೆ?

ಸಾಗರದವ್ಳು: ಇದನ್ನೇ ಮಿಲಿಂದ ಅನ್ನೋ ಗ್ರೀಕ್ ರಾಜ ಭಿಕ್ಷು ನಾಗಸೇನನ್ನ ಕೇಳಿದ್ನಂತೆ. ಅದಕ್ಕೆ ನಾಗಸೇನ ಅಂದಿದ್ದು, ಒಂದು ದೀಪದಿಂದ ಇನ್ನೊಂದು ಹಚ್ಚಿದ್ರೆ ಮೊದಲ್ನೇದ್ರಿಂದ ಏನಾದ್ರೂ ಎದ್ದು ಹೋಯ್ತಾ? ಇಲ್ಲ, ಆದ್ರೆ ಅದಿಲ್ದೆ ಇದು ಹತ್ತಲ್ಲ. ಕರ್ಮದ ಸರಣಿ ಮುಂದುವರಿಯತ್ತೆ, ಹೊತ್ಕೊಂಡು ಹೋಗೋ ಆಸಾಮಿ ಇಲ್ಲ ಅಷ್ಟೇ. ತೃಷ್ಣೆ, ಅಂದ್ರೆ ಆಸೆ, ಇರೋವರ್ಗೂ ಸರಣಿ, ಅದು ಆರಿದ್ರೆ ನಿರ್ವಾಣ.

ಅಡಿಕೆ ಸಿಪ್ಪೆ: ಕೇಳೋಕೆ ಚಂದ ಕಣ್ರೀ, ಆದ್ರೆ ಹೋಗೋರೇ ಯಾರೂ ಇಲ್ಲ ಅಂದ್ರೆ ಯಾರೋ ಮಾಡಿದ್ದನ್ನ ಇನ್ಯಾರೋ ಉಣ್ಣೋದು ಯಾವ ನ್ಯಾಯ? ನಂಗಂತೂ ಇದು ಜಾರಿಕೊಳ್ಳೋ ಉತ್ರ ಅನ್ಸತ್ತೆ.

ಶಿಕಾರಿಪುರದ ಮೇಷ್ಟ್ರು: ಅವ್ನೇ ಬೇರೆ ಇವ್ನೇ ಬೇರೆ ಅಂತಾನೂ ಬೌದ್ಧರು ಒಪ್ಪಲ್ಲ, ಒಬ್ನೇ ಅಂತಾನೂ ಒಪ್ಪಲ್ಲ. ಸತ್ತ ಮೇಲೆ ತಥಾಗತ, ಅಂದ್ರೆ ಬುದ್ಧನಂಥ ಜ್ಞಾನಿ, ಇರ್ತಾನಾ ಇಲ್ವಾ ಅಂತ ಮಾಲುಂಕ್ಯಪುತ್ತ ಅನ್ನೋ ಭಿಕ್ಷು ಪಟ್ಟು ಹಿಡಿದ್ರೂ ಬುದ್ಧ ಉತ್ರ ಕೊಡ್ಲಿಲ್ಲ, ದುಃಖ, ಅದರ ಕಾರಣ, ಅದು ನಿಲ್ಲೋದು, ನಿಲ್ಲಿಸೋ ದಾರಿ ಇಷ್ಟೇ ಹೇಳಿದೀನಿ ಅಂದ. ಅಂದಹಾಗೆ ನಮ್ಮ ಬಳ್ಳಿಗಾವೆಲೂ 11ನೇ ಶತಮಾನದಲ್ಲಿ ಬೌದ್ಧ ವಿಹಾರ ಇತ್ತು, ಈ ಜಗಳ ಇಲ್ಲೂ ನಡೆದಿರತ್ತೆ ಬಿಡಿ.

ತೀರ್ಥಳ್ಳಿ ಹುಡ್ಗ: ಥ್ಯಾಂಕ್ಸ್ ಮೇಷ್ಟ್ರೇ. ಮುಂಡಗೋಡಲ್ಲಿ ಟಿಬೆಟಿಯನ್ ಲಾಮಾಗಳನ್ನೇ ಕೇಳ್ಬೇಕು, ಯಾರಾದ್ರೂ ಬರ್ತೀರಾ?